ನಮ್ಮ ತೋಟದ ಕೊಕ್ಕೊ, ಪುತ್ತೂರಿನ ಚಾಕೊಲೇಟು

ಕಳೆದ ತಿಂಗಳು ನಾದಿನಿಯ ಮಗಳು ಬೆಂಗಳೂರಿನಿಂದ ಬಂದಿದ್ದಳು. ಬರುವಾಗ ವಿದೇಶಿ ಚಾಕೊಲೇಟಿನ ದೊಡ್ಡ ಪ್ಯಾಕೆಟ್ ತಂದಿದ್ದಳು. ಸಂಜೆ ಚಹಾ ಹೊತ್ತಿಗೆ ನಾನು ಅದರ ಪಕ್ಕದಲ್ಲೇ ಒಂದು ಕ್ಯಾಂಪ್ಕೊ ಬಾರ್ ಮುರಿದು ತಟ್ಟೆಯಲ್ಲಿ ಇಟ್ಟೆ. ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಇನ್ನೊಂದು ತೆಗೆದುಕೊಂಡಳು. "ಅತ್ತೆ, ಇದು ಚೆನ್ನಾಗಿದೆ ಅಲ್ವಾ? ಯಾರು ಮಾಡೋದು ಇದನ್ನ?" ಅಂತ ಕೇಳಿದಳು.

"ನಾವೇ" ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಕಿಟಕಿ ಹತ್ತಿರ ಕರೆದುಕೊಂಡು ಹೋಗಿ ತೋಟ ತೋರಿಸಿದೆ. ಅಡಿಕೆ ಮರಗಳ ನಡುವೆ ನೆರಳಲ್ಲಿ ನಿಂತ ಕೊಕ್ಕೊ ಗಿಡ, ಕಾಂಡಕ್ಕೇ ಅಂಟಿಕೊಂಡ ಹಳದಿ ಕಾಯಿ. ಅಷ್ಟು ಸಲ ಈ ಮನೆಗೆ ಬಂದು ಹೋದ ಹುಡುಗಿ, ಅದನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು.

ಅದಕ್ಕೇ ಇದನ್ನು ಬರೆಯಲು ಕೂತೆ. ಚಾಕೊಲೇಟಿನ ವಿಮರ್ಶೆ ಅಂತಲೇ ಓದಿ. ಆದರೆ ರುಚಿ ಒಂದನ್ನೇ ಹೇಳಿ ಮುಗಿಸಲು ನನ್ನಿಂದ ಆಗುವುದಿಲ್ಲ. ಕ್ಯಾಂಪ್ಕೊ ಅಂದರೆ ಅಡಿಕೆ, ಕೊಕ್ಕೊ ಬೆಳೆಯುವವರ ಸಹಕಾರ ಸಂಘ. ನಾನು ಅದಕ್ಕೆ ಅಡಿಕೆ ಮಾರುವವಳು, ಕೊಕ್ಕೊ ಮಾರುವವಳು, ಅದರ ಸದಸ್ಯೆ, ಜೊತೆಗೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಅದರ ಚಾಕೊಲೇಟ್ ಕೊಳ್ಳುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಾತನ್ನು ಎಷ್ಟು ತೂಗಿ ನೋಡಬೇಕು ಅನ್ನುವುದು ನಿಮಗೆ ಬಿಟ್ಟದ್ದು.

ಮೊದಲು ರುಚಿ. ನಮ್ಮ ಮನೆಗೆ ಹೆಚ್ಚಾಗಿ ಬರುವುದು ಹಾಲು ಹಾಕಿದ ಸಾದಾ ಬಾರ್. ಫ್ರಿಜ್ಜಿನಿಂದ ತೆಗೆದ ಕೂಡಲೇ ತಿನ್ನಬೇಡಿ. ತಣ್ಣಗಿರುವಾಗ ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಹೊರಗೆ ಇಡಿ. ಆಮೇಲೆ ಒಂದು ತುಂಡು ಮುರಿದು ನಾಲಿಗೆಯ ಮೇಲಿಟ್ಟು, ಅಗಿಯದೆ ಸುಮ್ನೆ ಬಿಡಿ. ಮೊದಲು ಹಾಲು ಮತ್ತು ಸಕ್ಕರೆ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೊಕ್ಕೊ. ಕೊನೆಗೆ ಗಂಟಲಲ್ಲಿ ಹುರಿದ ಬೀಜದ ಸಣ್ಣದೊಂದು ಕಹಿ ಉಳಿಯುತ್ತದೆ. ಆ ಕಹಿಗಾಗಿಯೇ ನಾನು ಇದನ್ನು ತಿನ್ನುವುದು. ಬರೀ ಸಿಹಿ ಬೇಕಿದ್ದರೆ ಮನೆಯಲ್ಲೇ ಬೆಲ್ಲ ಇದೆ.

ಒಳ್ಳೆಯ ಚಾಕೊಲೇಟ್ ಬಾಯಲ್ಲಿ ಹಾಗೆ ಕರಗುವುದಕ್ಕೆ ಕಾರಣ ಕೊಕ್ಕೊ ಬೆಣ್ಣೆ. ಅದು ಸುಮಾರು 34 ಡಿಗ್ರಿಗೆ ಕರಗುತ್ತದೆ. ನಮ್ಮ ಮೈಯ ಬಿಸಿ 37. ಅಂಗೈಯಲ್ಲಿ ಗಟ್ಟಿ ಇದ್ದದ್ದು ಬಾಯಿಗೆ ಹೋದ ಕೂಡಲೇ ನೀರಾಗುವುದು ಈ ಎರಡು ಮೂರು ಡಿಗ್ರಿಯ ಅಂತರದಿಂದ. ಯಾವ ಕಂಪೆನಿಯದ್ದೇ ಕೊಳ್ಳಿ, ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಪಟ್ಟಿ ಓದಿ. ಕೊಕ್ಕೊ ಬೆಣ್ಣೆ ಎಲ್ಲಿದೆ, ಬೇರೆ ಎಣ್ಣೆಕೊಬ್ಬು ಎಷ್ಟಿದೆ ನೋಡಿ. ಬೇರೆ ಕೊಬ್ಬು ಜಾಸ್ತಿ ಇದ್ದರೆ ಬಾಯಿಯ ಮೇಲ್ಭಾಗಕ್ಕೆ ಮೇಣದ ಹಾಗೆ ಅಂಟುತ್ತದೆ. ಈ ಅಭ್ಯಾಸ ನನಗೆ ಬಂದದ್ದು ಕೊಕ್ಕೊ ಬೆಳೆಯುವವಳಾದ ಮೇಲೆ.

ನನ್ನ ಗಂಡನಿಗೆ ಈ ಬಾರ್ ಸಿಹಿ ಅನ್ನಿಸುತ್ತದೆ. ಅವರಿಗೆ ಸಕ್ಕರೆ ಕಡಿಮೆ ಇರುವ ಕಪ್ಪು ಚಾಕೊಲೇಟೇ ಇಷ್ಟ. ಮಕ್ಕಳು ಕೇಳುವುದು ಕ್ಯಾಂಪ್ಕೊದ್ದೇ ಟರ್ಬೊ, ಮೆಲ್ಟೊ ಚಾಕೊಲೇಟು. ಶಾಲೆಯಲ್ಲಿ ಯಾರದ್ದಾದರೂ ಹುಟ್ಟುಹಬ್ಬ ಇದ್ದರೆ ನಮ್ಮ ಕಡೆ ಅವೇ ಹೋಗುತ್ತವೆ. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಮಕ್ಕಳ ಖುಷಿ.

ಈಗ ತೋಟಕ್ಕೆ ಬನ್ನಿ.

ಕೊಕ್ಕೊ ಕಾಯಿಯನ್ನು ಕೈಯಿಂದ ಹರಿಯಬಾರದು. ಕತ್ತಿಯಿಂದ ತೊಟ್ಟು ಕೊಯ್ಯಬೇಕು. ಹರಿದರೆ ಕಾಂಡದ ಸಿಪ್ಪೆ ಕಿತ್ತು ಬರುತ್ತದೆ. ಮುಂದಿನ ಹೂವು ಬರುವುದು ಅದೇ ಜಾಗದಲ್ಲಿ, ಹಾಗಾಗಿ ಒಂದು ಕಾಯಿಯ ಆಸೆಗೆ ಹತ್ತು ಕಾಯಿ ಹೋದ ಹಾಗೆ. ಮದುವೆಯಾಗಿ ಬಂದ ಮೊದಲ ವರ್ಷ ನಾನು ಅವಸರದಲ್ಲಿ ಹರಿಯುತ್ತಿದ್ದೆ. ಅತ್ತೆ ಒಂದು ದಿನ ನನ್ನನ್ನು ಗಿಡದ ಹತ್ತಿರ ಕರೆದು, ಕಾಂಡದ ಮೇಲಿನ ಸಣ್ಣ ಗಂಟಿನ ಮೇಲೆ ನನ್ನ ಬೆರಳು ಇಡಿಸಿದರು. "ಇಲ್ಲಿಂದಲೇ ಅದು ಹೂ ಬಿಡುವುದು ಮಗಾ" ಅಂದರು. ಅಷ್ಟೇ ಹೇಳಿದ್ದು.

ಕೊಯ್ದ ಕಾಯಿಗಳನ್ನು ತೋಟದ ಬದಿಯಲ್ಲಿ ರಾಶಿ ಹಾಕಿ ಕೂರುತ್ತೇವೆ. ಒಡೆಯಲು ಕತ್ತಿ ಬೇಡ. ಕತ್ತಿ ಒಳಗಿನ ಬೀಜಕ್ಕೆ ತಾಗಿದರೆ ಆ ಬೀಜ ಹಾಳು. ಒಂದು ಮರದ ಕೊರಡಿನಿಂದ ಕಾಯಿಯ ಹೊಟ್ಟೆಗೆ ಒಂದೇ ಪೆಟ್ಟು. ಎರಡು ಹೋಳಾಗುತ್ತದೆ. ಒಳಗೆ ಬಿಳಿ ಲೋಳೆಯಲ್ಲಿ ಮುಳುಗಿದ 30–40 ಬೀಜ, ಜೋಳದ ತೆನೆಯ ಹಾಗೆ ಸಾಲಾಗಿ ಅಂಟಿಕೊಂಡಿರುತ್ತವೆ. ಬೆರಳು ಹಾಕಿ ಎಳೆದರೆ ಗೊಂಚಲಿಗೆ ಗೊಂಚಲೇ ಬಕೆಟ್ಟಿಗೆ ಬೀಳುತ್ತದೆ. ನಡುವಿನ ದಿಂಡು ಬಿಸಾಡಬೇಕು. ಆ ಬಿಳಿ ಲೋಳೆ ಹುಳಿಸಿಹಿ, ರಾಮಫಲದ ತಿರುಳಿಗೆ ನಿಂಬೆ ಹಿಂಡಿದ ಹಾಗೆ. ಮಕ್ಕಳು ಅದನ್ನು ಚೀಪುತ್ತಾರೆ. ಮಂಗ ಮತ್ತು ಅಳಿಲು ನಮಗಿಂತ ಮೊದಲೇ ಚೀಪಿರುತ್ತವೆ. ಕಾಯಿಗೆ ತೂತು ಬಿದ್ದು ಒಳಗೆ ಖಾಲಿ ಇರುವುದು ನಮಗೆ ದಿನವೂ ಕಾಣುವ ದೃಶ್ಯ.

ಹಸಿ ಬೀಜವನ್ನು ಕಚ್ಚಿ ನೋಡಿದರೆ ಒಳಗೆ ನೇರಳೆ ಬಣ್ಣ, ಬಾಯಿ ಒಗರು. ಚಾಕೊಲೇಟಿನ ವಾಸನೆ ಎಳ್ಳಷ್ಟೂ ಇಲ್ಲ. ಆ ವಾಸನೆ ಹುಟ್ಟುವುದು ಹುದುಗಿಸಿದಾಗ. ಸುಮಾರು ಆರು ದಿನ ರಾಶಿ ಹಾಕಿ, ನಡುನಡುವೆ ಮಗುಚಿ, ಮುಚ್ಚಿಡಬೇಕು. ಲೋಳೆ ಹುಳಿಯಾಗಿ ಇಳಿದುಹೋಗುತ್ತದೆ, ರಾಶಿಯ ಒಳಗೆ ಕೈ ಇಡಲಾಗದಷ್ಟು ಬಿಸಿ ಏರುತ್ತದೆ. ಆಮೇಲೆ ಒಣಗಿಸುವುದು. ಮೂರು ಕಿಲೋ ಹಸಿ ಬೀಜ ಒಣಗಿದಾಗ ಒಂದು ಕಿಲೋ ಚಿಲ್ಲರೆ ಉಳಿಯುತ್ತದೆ. ಮಳೆಗಾಲದಲ್ಲಿ ಇದನ್ನೆಲ್ಲ ಮನೆಯಲ್ಲಿ ಮಾಡಲು ಆಗುವುದಿಲ್ಲ, ಎರಡು ದಿನ ಬಿಸಿಲು ತಪ್ಪಿದರೆ ಬೂಸು ಹಿಡಿಯುತ್ತದೆ. ಹಾಗಾಗಿ ನಾವು ಕೊಡುವುದು ಹಸಿ ಬೀಜವನ್ನೇ. ಒಡೆದ ದಿನವೇ ಕೊಡಬೇಕು.

ಕ್ಯಾಂಪ್ಕೊ ಸೇವೆಯ ಬಗ್ಗೆ ನನ್ನ ಅನುಭವ ಇಲ್ಲಿಂದ ಶುರು. ನಮ್ಮ ಹತ್ತಿರದ ಶಾಖೆಯಲ್ಲಿ ಹಸಿ ಕೊಕ್ಕೊಗೆ ದಿನ ನಿಗದಿ ಇದೆ. ಬಾಗಿಲಲ್ಲೇ ಬೋರ್ಡ್. ಅದರಲ್ಲಿ ಅವತ್ತಿನ ದರ: ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿ, ಕರಿಗೋಟು ಅನ್ನುವ ಒಣ ಅಡಿಕೆಯ ಬಗೆಗಳು, ಆಮೇಲೆ ಹಸಿ ಕೊಕ್ಕೊ, ಒಣ ಕೊಕ್ಕೊ. ತಕ್ಕಡಿಯ ಅಂಕಿ ನಮ್ಮ ಕಡೆ ಮುಖ ಮಾಡಿರುತ್ತದೆ. ಬಕೆಟ್ ಇಟ್ಟೆ, ಅಂಕಿ ನೋಡಿದೆ, ಚೀಟಿ ಬಂತು, ದುಡ್ಡು ಬ್ಯಾಂಕ್ ಖಾತೆಗೆ. ಯಾರ ಹತ್ತಿರವೂ ಚೌಕಾಸಿ ಮಾಡಬೇಕಿಲ್ಲ. ನಾನು ಒಬ್ಬಳೇ ಜೀಪಿನಲ್ಲಿ ಹೋಗಿ ಮಾರಿ ಬರುತ್ತೇನೆ. ಹೆಂಗಸು ಒಬ್ಬಳು ಮನೆಯ ಫಸಲು ಮಾರಿ ಚೀಟಿ ತೆಗೆದುಕೊಂಡು ಬರುವುದು ನಮ್ಮ ಅಮ್ಮನ ಕಾಲದಲ್ಲಿ ಯೋಚಿಸುವ ವಿಷಯವೇ ಆಗಿರಲಿಲ್ಲ.

ಅಮ್ಮನ ಕಾಲ ಅಂದೆ. ಅದನ್ನು ಹೇಳದೆ ಈ ಬೋರ್ಡಿನ ಬೆಲೆ ಏನು ಅಂತ ತಿಳಿಯುವುದಿಲ್ಲ.

ನನ್ನ ತವರು ಪೆರ್ಲದ ಹತ್ತಿರ. ಈಗ ಅದು ಕೇರಳ, ಕಾಸರಗೋಡು ಜಿಲ್ಲೆ. 1956ರ ನವೆಂಬರ್ 1ಕ್ಕೆ ಮೊದಲು ಅದೂ, ನಾನು ಸೇರಿದ ಸುಳ್ಯದ ಕಡೆಯೂ ಒಂದೇ ಜಿಲ್ಲೆ, ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ. ರಾಜ್ಯಗಳು ಬೇರೆಯಾದವು. ಆದರೆ ಅಡಿಕೆ ತೋಟ ಬೇರೆಯಾಗಲಿಲ್ಲ. ಗಡಿಯ ಆಚೆ ಈಚೆ ಅದೇ ಮಣ್ಣು, ಅದೇ ಕನ್ನಡ ತುಳು ಮಾತಾಡುವ ಮನೆಗಳು, ಅಡಿಕೆಗೆ ಅದೇ ಕೊಳೆರೋಗ, ಅದಕ್ಕೆ ಸಿಂಪಡಿಸುವ ಅದೇ ಬೋರ್ಡೊ ಮದ್ದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ನಾನು ಲೆಕ್ಕ ಕಲಿತದ್ದೇ ಅಪ್ಪ ಮದ್ದು ಕಲಸುವ ಡ್ರಮ್ಮಿನ ಪಕ್ಕ ನಿಂತು.

ಅಡಿಕೆ ಮಾರುವುದು ಆಗ ಹೇಗಿತ್ತು ಅಂತ ಅಪ್ಪ ಹೇಳುತ್ತಿದ್ದರು. ಹಣ್ಣಡಿಕೆ ಕೊಯ್ದು ಅಂಗಳದಲ್ಲಿ ನಲವತ್ತು ನಲವತ್ತೈದು ದಿನ ಒಣಗಿಸಬೇಕು. ಸುಲಿಯಬೇಕು. ಆರಿಸಬೇಕು. ಗೋಣಿಗೆ ತುಂಬಿ ಪೇಟೆಗೆ ಒಯ್ಯಬೇಕು. ಅಲ್ಲಿ ವ್ಯಾಪಾರಿ ಗೋಣಿಯಿಂದ ಒಂದು ಹಿಡಿ ತೆಗೆದು, ಕತ್ತರಿಯಲ್ಲಿ ಎರಡು ಕತ್ತರಿಸಿ ನೋಡಿ, ಒಂದು ದರ ಹೇಳುತ್ತಾನೆ. ಒಪ್ಪದಿದ್ದರೆ ವಾಪಸು ಹೊತ್ತುಕೊಂಡು ಹೋಗಬೇಕು, ಗಾಡಿ ಬಾಡಿಗೆ ತಲೆಗೆ. ಮಳೆಗಾಲದ ಖರ್ಚಿಗೆ ಮುಂಗಡ ತೆಗೆದುಕೊಂಡವರಂತೂ ಬಾಯಿ ತೆರೆಯುವ ಹಾಗೇ ಇಲ್ಲ. ನಮ್ಮ ಮನೆಯೂ ಮುಂಗಡ ತೆಗೆದುಕೊಂಡ ಮನೆ. ಒಂದು ವರ್ಷ ಅಪ್ಪ ಮನೆಯಲ್ಲಿ ತೂಗಿ ತಂದ ಗೋಣಿ ವ್ಯಾಪಾರಿಯ ತಕ್ಕಡಿಯಲ್ಲಿ ಎರಡು ಕಿಲೋ ಕಡಿಮೆ ತೂಗಿತಂತೆ. ಅಪ್ಪ ಏನೂ ಹೇಳಲಿಲ್ಲ. ದಾರಿಯಲ್ಲಿ ಅಮ್ಮನಿಗೆ ಅಂತ ಒಂದು ಸೀರೆ ತರಬೇಕು ಅಂದುಕೊಂಡಿದ್ದರು, ಅದನ್ನು ತರಲಿಲ್ಲ. ಆ ಎರಡು ಕಿಲೋ ವಿಷಯ ಅವರು ಸಾಯುವವರೆಗೂ ಮರೆಯಲಿಲ್ಲ.

1970ರ ದಶಕ ಶುರುವಾಗುವಾಗ ಅಡಿಕೆ ದರ ನೆಲಕಚ್ಚಿತು. ಕೊಳ್ಳುವವರೇ ಇಲ್ಲ ಅನ್ನುವ ಸ್ಥಿತಿ. ಆಗ ಎದ್ದು ನಿಂತವರು ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು. ಅವರೂ ಕೃಷಿಕರೇ, ಗಡಿಗೆ ತಾಗಿದ ಊರಿನವರೇ. ಬೆಳೆಗಾರರೇ ಸೇರಿ ತಮ್ಮ ಅಡಿಕೆಯನ್ನು ತಾವೇ ಕೊಂಡು, ಉತ್ತರ ಭಾರತದ ಮಾರುಕಟ್ಟೆಗೆ ತಾವೇ ಕಳಿಸಬೇಕು ಅನ್ನುವ ಯೋಚನೆ. 1973ರ ಜುಲೈ 11ರಂದು ಕ್ಯಾಂಪ್ಕೊ ಹುಟ್ಟಿತು. ನಮ್ಮ ರಾಜ್ಯಕ್ಕೆ ಆಗ ಇನ್ನೂ ಕರ್ನಾಟಕ ಅನ್ನುವ ಹೆಸರೇ ಬಂದಿರಲಿಲ್ಲ. ಅದು ಬಂದದ್ದು ಅದೇ ವರ್ಷದ ನವೆಂಬರ್ 1ಕ್ಕೆ. ರಾಜ್ಯದ ಹೆಸರಿಗಿಂತ ನಮ್ಮ ಸಂಘ ಮೂರೂವರೆ ತಿಂಗಳು ದೊಡ್ಡದು ಅಂತ ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು.

ಇನ್ನೊಂದು ದೊಡ್ಡ ವಿಷಯ, ಇದು ಎರಡು ರಾಜ್ಯದ ಬೆಳೆಗಾರರ ಸಂಘ. ಕರ್ನಾಟಕ, ಕೇರಳ ಎರಡೂ. 1956ರಲ್ಲಿ ನಕ್ಷೆಯಲ್ಲಿ ಎಳೆದ ಗೆರೆಯನ್ನು ಇದು ಬೆಳೆಗಾರನ ಮಟ್ಟಿಗೆ ಅಳಿಸಿತು ಅಂತಲೇ ನಾನು ಹೇಳುವುದು. ಮದುವೆಯಾಗಿ ಗಡಿ ದಾಟಿ ಬಂದಾಗ ರೇಷನ್ ಕಾರ್ಡ್ ಬದಲಾಯಿತು, ಬಸ್ಸಿನ ಬೋರ್ಡು ಬದಲಾಯಿತು. ಅಪ್ಪ ಅಡಿಕೆ ಕೊಡುತ್ತಿದ್ದ ಸಂಘ, ಮಾವ ಅಡಿಕೆ ಕೊಡುತ್ತಿದ್ದ ಸಂಘ ಮಾತ್ರ ಒಂದೇ. ಮಂಗಳೂರಿನ ಮಿಷನ್ ಸ್ಟ್ರೀಟಿನಲ್ಲಿರುವ ಕೇಂದ್ರ ಕಚೇರಿಗೆ ಈಗ ವಾರಣಾಶಿ ಟವರ್ಸ್ ಅಂತ ಹೆಸರು. ಅದರ ಮುಂದೆ ಹೋಗುವಾಗಲೆಲ್ಲ ಒಮ್ಮೆ ತಲೆ ಎತ್ತಿ ನೋಡುತ್ತೇನೆ.

ಸಂಘ ಬಂದ ಮಾತ್ರಕ್ಕೆ ದರ ಯಾವತ್ತೂ ಬೀಳಲಿಲ್ಲ ಅಂತ ಅಲ್ಲ. ಬಿದ್ದಿದೆ, ಎಷ್ಟೋ ಸಲ. ಕ್ಯಾಂಪ್ಕೊ ಎಲ್ಲರ ಎಲ್ಲ ಅಡಿಕೆಯನ್ನೂ ಕೊಳ್ಳುವುದೂ ಇಲ್ಲ. ಖಾಸಗಿ ವ್ಯಾಪಾರಿಗಳು ಇವತ್ತಿಗೂ ಇದ್ದಾರೆ, ಅವರಲ್ಲಿ ಒಳ್ಳೆಯವರೂ ಇದ್ದಾರೆ. ಬದಲಾದದ್ದು ಏನೆಂದರೆ, ಈಗ ಪೇಟೆಗೆ ಹೋಗುವ ಮೊದಲೇ ದರ ಗೊತ್ತಿರುತ್ತದೆ. ಕ್ಯಾಂಪ್ಕೊಗೆ ಒಂದು ಅಡಿಕೆ ಕೂಡ ಕೊಡದವರು ಸಹ "ಇವತ್ತು ಕ್ಯಾಂಪ್ಕೊದಲ್ಲಿ ಎಷ್ಟು?" ಅಂತ ಕೇಳಿಯೇ ಮಾತು ಶುರು ಮಾಡುವುದು. ಬೋರ್ಡಿನ ಆ ಅಂಕಿಗಿಂತ ತೀರಾ ಕೆಳಗೆ ಹೋಗಲು ಯಾವ ವ್ಯಾಪಾರಿಗೂ ಆಗುವುದಿಲ್ಲ. ಸದಸ್ಯನಲ್ಲದವನಿಗೂ ಸಿಗುವ ಲಾಭ ಇದು. ಐವತ್ತು ವರ್ಷದಲ್ಲಿ ಈ ಸಂಘ ಮಾಡಿದ ಕೆಲಸಗಳಲ್ಲಿ ದೊಡ್ಡದು ಯಾವುದು ಅಂತ ಕೇಳಿದರೆ, ಚಾಕೊಲೇಟ್ ಕಾರ್ಖಾನೆ ಅಲ್ಲ, ಈ ಬೋರ್ಡು ಅಂತ ಹೇಳುತ್ತೇನೆ.

ಲಾಕ್‌ಡೌನ್ ಹೊತ್ತಿನಲ್ಲಿ ಇದು ಚೆನ್ನಾಗಿ ತಿಳಿಯಿತು. 2020ರ ಮಾರ್ಚ್ ಕೊನೆಯಲ್ಲಿ ಎಲ್ಲ ಬಂದ್. ಮನೆಯಲ್ಲಿ ಸುಲಿದ ಅಡಿಕೆ ಇದೆ, ಕೈಯಲ್ಲಿ ಕಾಸಿಲ್ಲ. ಏಪ್ರಿಲ್‌ನಲ್ಲಿ ಕ್ಯಾಂಪ್ಕೊ ಮತ್ತೆ ಖರೀದಿ ಶುರು ಮಾಡಿತು. ಒಬ್ಬರಿಂದ ಇಷ್ಟೇ ಅಂತ ಮಿತಿ ಇತ್ತು. ಆದರೂ ಆ ದುಡ್ಡಿನಲ್ಲಿ ಅತ್ತೆಯ ಮಾತ್ರೆ ಬಂತು, ಆಳುಗಳ ಸಂಬಳ ಹೋಯಿತು. ನಮ್ಮ ಪಕ್ಕದ ಮನೆಯ ಅಣ್ಣ ಅವತ್ತು ಚೀಟಿ ಹಿಡಿದುಕೊಂಡು ಬರುತ್ತಾ ರಸ್ತೆಯಿಂದಲೇ ಕೂಗಿ ಹೇಳಿದ್ದರು, "ತಗೊಳ್ತಾರೆ ಅಕ್ಕಾ, ನಾಳೆ ನೀವೂ ಹೋಗಿ."

ಇನ್ನು ಕೊಕ್ಕೊ. ಅದು ಹೇಗೆ ಬಂತು ಅಂತ ಕೇಳಿ.

ಅಡಿಕೆ ಮರಗಳ ನಡುವೆ ಒಂಬತ್ತು ಅಡಿ ಅಂತರ. ನೆರಳು ಇದೆ, ನೀರು ಇದೆ, ಜಾಗ ಖಾಲಿ. ಕೊಕ್ಕೊಗೆ ಬೇಕಾದದ್ದೂ ಅದೇ ಅರೆ ನೆರಳು. ವಿಟ್ಲದ ಸಂಶೋಧನಾ ಕೇಂದ್ರದವರು ಅಡಿಕೆಯ ನಡುವೆ ಕೊಕ್ಕೊ ಬೆಳೆಯುವ ಕ್ರಮ ಹೇಳಿಕೊಟ್ಟರು. 1970ರ ದಶಕದಲ್ಲಿ ಒಳ್ಳೆಯ ದರ ಇದೆ ಅಂತ ಕೇಳಿ ಜನ ಗಿಡ ನೆಟ್ಟರು. ಅಪ್ಪನೂ ನೆಟ್ಟರು. ಗಿಡ ಕಾಯಿ ಬಿಡುವ ಹೊತ್ತಿಗೆ, 1980ರ ಆಸುಪಾಸಿನಲ್ಲಿ, ದರ ಕುಸಿದು ಕೊಳ್ಳುವವರು ಹಿಂದೆ ಸರಿದರು. ಕಾಯಿ ಗಿಡದಲ್ಲೇ ಕಪ್ಪಾಗಿ ಒಣಗಿತು. ಎಷ್ಟೋ ಜನ ಗಿಡ ಕಡಿದು ಹಾಕಿದರು. ಅಪ್ಪ ಅರ್ಧ ಕಡಿದರು. ನನಗೆ ಆಗ ನಾಲ್ಕೈದು ವರ್ಷ. ಕಡಿದ ಕೊಕ್ಕೊ ಗೆಲ್ಲುಗಳು ಅಂಗಳದ ಮೂಲೆಯಲ್ಲಿ ರಾಶಿ ಬಿದ್ದದ್ದು, ಅದರ ಎಲೆ ಕಂದು ಬಣ್ಣಕ್ಕೆ ತಿರುಗಿ ತುಳಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದದ್ದು ಇವತ್ತಿಗೂ ಕಣ್ಣಲ್ಲಿದೆ.

ಆಗ ಅಡಿಕೆಯ ಸಂಘ ಕೊಕ್ಕೊ ಕೊಳ್ಳಲು ಇಳಿಯಿತು. ಕೊಂಡದ್ದನ್ನು ಏನು ಮಾಡುವುದು? ಬೀಜವನ್ನೇ ಮಾರುತ್ತಾ ಹೋದರೆ ಮತ್ತೆ ಬೇರೆಯವರ ದರಕ್ಕೆ ಕಾಯಬೇಕು. ಅಡಿಕೆಯಲ್ಲಿ ಕಲಿತ ಪಾಠವೇ ಇಲ್ಲೂ. ಹಾಗೆ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಎದ್ದಿತು. 1986ರ ಸೆಪ್ಟೆಂಬರಿನಲ್ಲಿ ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ಮೈಲುತುತ್ತು ಕಲಸುವ ಕೈಗಳು, ಅಡಿಕೆ ಸುಲಿಯುವ ಕೈಗಳು ಸೇರಿ ಚಾಕೊಲೇಟ್ ಕಾರ್ಖಾನೆ ಕಟ್ಟುವುದು ಅಂದರೆ ಸಣ್ಣ ಧೈರ್ಯವಲ್ಲ. ಬೀಜ ಹುರಿಯುವುದು, ಸಿಪ್ಪೆ ಬೇರೆ ಮಾಡುವುದು, ಅರೆದು ಹಿಟ್ಟು ಮಾಡುವುದು, ಒತ್ತಿ ಬೆಣ್ಣೆ ತೆಗೆಯುವುದು, ಹಾಲು ಸಕ್ಕರೆ ಸೇರಿಸಿ ಗಂಟೆಗಟ್ಟಲೆ ತಿರುವಿ ನಯ ಮಾಡುವುದು, ಹದವಾಗಿ ತಣಿಸುವುದು. ಒಂದು ಹಂತ ತಪ್ಪಿದರೂ ನಾಲಿಗೆಗೆ ಮರಳು ಸಿಕ್ಕಿದ ಹಾಗಾಗುತ್ತದೆ.

ನನಗೆ ಆಗ ಹತ್ತು ವರ್ಷ. ಅಪ್ಪ ಪುತ್ತೂರಿಗೆ ಹೋದವರು ಅಂಗಿಯ ಜೇಬಿನಲ್ಲಿ ಒಂದು ಬಾರ್ ತಂದಿದ್ದರು. ಬಿಸಿಲಿಗೆ ಅದು ಬಾಗಿತ್ತು. ಅಮ್ಮ ಅದನ್ನು ತಣ್ಣೀರಿನ ಪಾತ್ರೆಯ ಮೇಲೆ ತಟ್ಟೆ ಇಟ್ಟು ಗಟ್ಟಿ ಮಾಡಿದರು. ಆಮೇಲೆ ಅಡಿಕೆ ಕತ್ತರಿಯಿಂದ ಏಳು ತುಂಡು ಮಾಡಿದರು, ಮನೆಯಲ್ಲಿ ಏಳು ಜನ. ಅಜ್ಜ ತಮ್ಮ ತುಂಡನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿದರು. "ಇದು ನಮ್ಮ ಕೊಕ್ಕೊವಾ?" ಅಂತ ಅಪ್ಪನನ್ನು ಕೇಳಿದರು. ಅಪ್ಪ ಹೌದು ಅಂದರು. ಮಿಕ್ಕ ಅರ್ಧ ಗಿಡಗಳನ್ನು ಅಪ್ಪ ಮತ್ತೆ ಕಡಿಯಲಿಲ್ಲ.

ಅಡಿಕೆಯ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮ ಮನೆ ನಡೆದದ್ದು, ನನ್ನ ಓದು, ನನ್ನ ಮದುವೆ ಎಲ್ಲ ಅಡಿಕೆಯ ದುಡ್ಡಿನಲ್ಲೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬೆಳೆಗಾರರು ಇದನ್ನು ಒಪ್ಪುವುದಿಲ್ಲ, ವಾದ ನಡೆಯುತ್ತಲೇ ಇದೆ. ನಾನು ಆ ವಾದಕ್ಕೆ ಹೋಗುವುದಿಲ್ಲ. ಆದರೆ ನಮ್ಮ ಮುಖ್ಯ ಬೆಳೆಯನ್ನು ಒಂದು ಮಗುವಿನ ಕೈಗೆ ಕೊಡಲು ನನ್ನಿಂದ ಆಗುವುದಿಲ್ಲ ಅನ್ನುವುದು ನನ್ನನ್ನು ಕಾಡುವ ವಿಷಯ. ಕೊಕ್ಕೊ ಹಾಗಲ್ಲ. ಅದರ ಕೊನೆ ಏನು ಅಂತ ನನಗೆ ಗೊತ್ತು, ಅದು ಯಾರ ಕೈಗೆ ಹೋಗುತ್ತದೆ ಅಂತಲೂ ಗೊತ್ತು. ಈ ಬಾರ್ ನನಗೆ ಬೇರೆ ಚಾಕೊಲೇಟಿಗಿಂತ ಜಾಸ್ತಿ ಆಗುವುದು ಅದಕ್ಕೇ.

2024ರ ಬೇಸಿಗೆಯಲ್ಲಿ ಕೊಕ್ಕೊಗೆ ಬಂದ ದರ ನಾವು ಕನಸಲ್ಲೂ ಕಂಡದ್ದಲ್ಲ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ, ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬರುವುದು ಅಲ್ಲಿಂದ. ಅಲ್ಲಿ ಹವಾಮಾನ ಕೈಕೊಟ್ಟು, ರೋಗ ಬಂದು ಫಸಲು ಹಾಳಾಯಿತು. ಹಿಂದಿನ ವರ್ಷ ಟನ್ನಿಗೆ 3,000 ಡಾಲರ್ ಆಸುಪಾಸಿನಲ್ಲಿದ್ದ ದರ 2024ರ ಮಾರ್ಚ್‌ನಲ್ಲಿ 10,000 ದಾಟಿತು. ನಮ್ಮ ಬೋರ್ಡಿನಲ್ಲಿ ಹಸಿ ಕೊಕ್ಕೊ ಕಿಲೋಗೆ 300 ರೂಪಾಯಿ ಮೀರಿತು. ನಾನು ಬೋರ್ಡಿನ ಮುಂದೆ ನಿಂತು ಅಂಕಿಯನ್ನು ಎರಡು ಸಲ ಓದಿದೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, "ಇದು ನಿಲ್ಲುವುದಿಲ್ಲ ಅಮ್ಮ, ಆದರೆ ಇವತ್ತು ಉಂಟಲ್ಲ" ಅಂದರು. ಅವರು ಹೇಳಿದ ಹಾಗೇ ದರ ಆಮೇಲೆ ಇಳಿಯಿತು. ಆ ಒಂದು ಬೇಸಿಗೆಯ ದುಡ್ಡಿನಲ್ಲಿ ನಾವು ಕೆರೆಯ ಹೂಳು ತೆಗೆಸಿದೆವು, ಪಂಪು ಬದಲಾಯಿಸಿದೆವು. ಎಲ್ಲೋ ದೂರದ ರೈತನ ತೋಟ ಒಣಗಿದ್ದರಿಂದ ನಮಗೆ ಬಂದ ದುಡ್ಡು ಅದು ಅನ್ನುವ ಸಂಕಟವೂ ಜೊತೆಗಿತ್ತು. ಗಿಡ ಕಡಿದ ವರ್ಷ ಅಪ್ಪನೂ ಆ ರೈತನ ಹಾಗೇ ಅಲ್ವಾ ಇದ್ದದ್ದು?

ಮತ್ತೆ ಪ್ಯಾಕೆಟ್ಟುಗಳಿಗೆ ಬರುತ್ತೇನೆ. ಮನೆಯಲ್ಲಿ ಬಾರ್‌ಗಿಂತ ಜಾಸ್ತಿ ಖರ್ಚಾಗುವುದು ವಿನ್ನರ್, ಅಂದರೆ ಹಾಲಿಗೆ ಹಾಕುವ ಪುಡಿ. ಮಳೆಗಾಲದ ಸಂಜೆ ಮಕ್ಕಳಿಗೆ ಅದೇ ಬೇಕು. ಪುಡಿಯನ್ನು ನೇರ ಬಿಸಿ ಹಾಲಿಗೆ ಸುರಿದರೆ ಗಂಟು ಕಟ್ಟುತ್ತದೆ. ಎರಡು ಚಮಚ ಪುಡಿಗೆ ಮೊದಲು ಸ್ವಲ್ಪ ತಣ್ಣನೆಯ ಹಾಲು ಹಾಕಿ ಚಮಚದ ಹಿಂಬದಿಯಿಂದ ತಿಕ್ಕಿ, ಆಮೇಲೆ ಬಿಸಿ ಹಾಲು ಎತ್ತರದಿಂದ ಹೊಯ್ಯಿರಿ. ನೊರೆ ಬರುತ್ತದೆ. ಚಿಟಿಕೆ ಏಲಕ್ಕಿ ಹಾಕಿದರೆ ಇನ್ನೂ ಚೆನ್ನ. ಸಿಹಿ ಅದರಲ್ಲೇ ಇದೆ, ಸಕ್ಕರೆ ಬೇಡ. ಸಿಹಿ ಇಲ್ಲದ ಕೊಕ್ಕೊ ಪುಡಿ ಬೇರೆ ಸಿಗುತ್ತದೆ. ಕೇಕಿಗೆ ಅದನ್ನೇ ಕೊಳ್ಳಿ, ಎರಡನ್ನೂ ಅದಲುಬದಲು ಮಾಡಬೇಡಿ. ನಾನು ಆ ಪುಡಿಯನ್ನು ತೆಂಗಿನಕಾಯಿ ಬರ್ಫಿಗೆ ಹಾಕುತ್ತೇನೆ. ಒಂದು ಕಾಯಿಯ ತುರಿಗೆ ಒಂದು ಚಮಚ ತುಂಬಾ ಸಾಕು, ಜಾಸ್ತಿ ಹಾಕಿದರೆ ಕಾಯಿಯ ರುಚಿ ಮುಚ್ಚಿಹೋಗುತ್ತದೆ.

ಬೇಸಿಗೆಯಲ್ಲಿ ಚಾಕೊಲೇಟ್ ಇಡುವುದು ನಮ್ಮ ಕಡೆ ದೊಡ್ಡ ಕಷ್ಟ. 34 ಡಿಗ್ರಿಗೆ ಕರಗುವ ವಸ್ತು, ಏಪ್ರಿಲ್‌ನಲ್ಲಿ ಅಡುಗೆಮನೆಯೇ 35 ಮುಟ್ಟುತ್ತದೆ. ಕರಗಿ ಮತ್ತೆ ಗಟ್ಟಿಯಾದ ಬಾರ್ ಮೇಲೆ ಬೂದಿಯಂಥ ಬಿಳಿ ಪದರ ಬರುತ್ತದೆ. ಎಷ್ಟೋ ಜನ ಅದನ್ನು ಬೂಸು ಅಂತ ತಿಳಿದು ಬಿಸಾಡುತ್ತಾರೆ. ಅದು ಬೂಸು ಅಲ್ಲ, ಮೇಲಕ್ಕೆ ಬಂದ ಕೊಕ್ಕೊ ಬೆಣ್ಣೆ. ತಿಂದರೆ ಏನೂ ಆಗುವುದಿಲ್ಲ, ಆದರೆ ನಯ ಹೋಗಿರುತ್ತದೆ. ಅಂಥದ್ದನ್ನು ಬಿಸಿ ಹಾಲಿಗೆ ಹಾಕಿಬಿಡಿ. ಹೋದ ವರ್ಷ ತಮ್ಮನ ಮಗನಿಗೆ ಹುಟ್ಟುಹಬ್ಬಕ್ಕೆ ಅಂತ ಒಂದು ಆನ್‌ಲೈನ್ ಅಂಗಡಿಯಿಂದ ಮೇ ತಿಂಗಳಲ್ಲಿ ಬೇರೆ ಬೇರೆ ಕಂಪೆನಿಯ ಚಾಕೊಲೇಟ್ ತರಿಸಿದ್ದೆ. ಎಲ್ಲ ಒಂದಕ್ಕೊಂದು ಅಂಟಿ ಒಂದೇ ಗಟ್ಟಿಯಾಗಿ ಬಂತು. ದುಡ್ಡು ವಾಪಸು ಬರಲು ಮೂರು ವಾರ, ಆರು ಫೋನು. ಮಗುವಿನ ಮುಖ ನೋಡಲು ಆಗಲಿಲ್ಲ. ಆಮೇಲೆ ಬೇಸಿಗೆಯಲ್ಲಿ ನಾನು ಚಾಕೊಲೇಟನ್ನು ಆನ್‌ಲೈನ್ ತರಿಸುವುದಿಲ್ಲ. ಹತ್ತಿರದ ಅಂಗಡಿಯಲ್ಲಿ, ಫ್ರಿಜ್ಜಿನಲ್ಲಿ ಇಟ್ಟದ್ದನ್ನು ಕೇಳಿ ಕೊಳ್ಳುತ್ತೇನೆ. ನೀವು ಪುತ್ತೂರಿನ ಮೇಲೆ ಹೋಗುವವರಾದರೆ ಅಲ್ಲೇ ಕೊಳ್ಳಿ. ಕೆಮ್ಮಿಂಜೆಯ ಹತ್ತಿರ ಗಾಳಿ ಈಚೆ ಬೀಸಿದರೆ ರಸ್ತೆಯಲ್ಲೇ ಹುರಿದ ಕೊಕ್ಕೊ ಪರಿಮಳ ಬರುತ್ತದೆ, ಕಾರಿನ ಗಾಜು ಇಳಿಸಿ.

ನಾದಿನಿಯ ಮಗಳು ಹೊರಡುವ ದಿನ ಬೆಳಿಗ್ಗೆ ಅವಳನ್ನು ತೋಟಕ್ಕೆ ಕರೆದುಕೊಂಡು ಹೋದೆ. ಒಂದು ಕಾಯಿ ಅವಳ ಕೈಯಿಂದಲೇ ಕೊಯ್ಯಿಸಿದೆ. ಅವಳು ಹರಿಯಲು ಹೋದಳು, ನಾನು ತಡೆದೆ. ಅವಳ ಬೆರಳನ್ನು ಕಾಂಡದ ಗಂಟಿನ ಮೇಲೆ ಇಡಿಸಿದೆ. ಮರದ ಕೊರಡಿನಿಂದ ಒಡೆದು ಒಂದು ಬೀಜ ಚೀಪಲು ಕೊಟ್ಟೆ. ರಾತ್ರಿಯ ಬಸ್ಸಿಗೆ ಹನ್ನೆರಡು ಬಾರ್‌ಗಳನ್ನು ಮೂರು ಪದರ ಪೇಪರಿನಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ಚೀಲದ ನಡುವೆ ಬಟ್ಟೆಗಳ ಒಳಗೆ ಇಟ್ಟು ಕಳಿಸಿದೆ.

ಮರುದಿನ ಬೆಳಿಗ್ಗೆ ಫೋನ್ ಬಂತು. "ಅತ್ತೆ, ಒಂದೂ ಕರಗಿಲ್ಲ. ಆಫೀಸಿಗೆ ಒಯ್ದಿದ್ದೆ, ಯಾರದ್ದು ಅಂತ ಎಲ್ಲರೂ ಕೇಳಿದರು."

"ನೀನು ಏನು ಹೇಳಿದೆ?" ಅಂದೆ.

"ನಮ್ಮದು ಅಂದೆ" ಅಂದಳು. ಮುಂದಿನ ಸಲ ಎರಡು ಡಬ್ಬಿ ವಿನ್ನರ್ ಕೂಡ ಬೇಕಂತೆ.